ವಾಲ್ವ್ ಆಂಪಾ, ಡಿಜಿಟಲ್ ಮಾಡೆಲರಾ? ಬಳ್ಳಾರಿ, ರಾಯಚೂರು, ಕೊಪ್ಪಳದ ಗಿಟಾರ್ ಗೆಳೆಯರಿಗೆ

ಹೋದ ತಿಂಗಳು ಒಂದೇ ಪ್ರಶ್ನೆಯನ್ನು ಮೂರು ಊರಿನವರು ಕೇಳಿದರು. ಒಬ್ಬ ಗಂಗಾವತಿಯಲ್ಲಿ ಓದುತ್ತಿರುವ ಹುಡುಗ. ಇರುವುದು ಹಾಸ್ಟೆಲ್‌ನಲ್ಲಿ, ಕೈಯಲ್ಲಿ 15 ಸಾವಿರ ಇದೆ. ಇನ್ನೊಬ್ಬಳು ರಾಯಚೂರಿನ ತಂಗಿ. ಪ್ರತಿ ಭಾನುವಾರ ಚರ್ಚಿನಲ್ಲಿ ನುಡಿಸುತ್ತಾಳೆ. ಚರ್ಚಿನ ಹಿರಿಯರು 40 ಸಾವಿರದವರೆಗೆ ಕೊಡಲು ಒಪ್ಪಿದ್ದಾರೆ. ಮೂರನೆಯವನು ಇಲ್ಲೇ ಬಳ್ಳಾರಿಯಲ್ಲಿ ನನ್ನ ಜೊತೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯ. ಒಂದು ಲಕ್ಷ ಕೂಡಿಟ್ಟಿದ್ದಾನೆ. ಮೂವರದ್ದೂ ಒಂದೇ ಮಾತು: "ಅಣ್ಣಾ, ಟ್ಯೂಬ್ ಆಂಪ್ ತಗೊಳ್ಳಲಾ, ಮಾಡೆಲರ್ ತಗೊಳ್ಳಲಾ?" ಟ್ಯೂಬ್ ಆಂಪ್ ಅಂದರೆ ಗಿಟಾರಿನ ಸದ್ದನ್ನು ಗಾಜಿನ ವಾಲ್ವ್‌ಗಳಿಂದ ದೊಡ್ಡದು ಮಾಡುವ ಪೆಟ್ಟಿಗೆ. ಮಾಡೆಲರ್ ಅಂದರೆ ಅಂಥ ಆಂಪ್‌ಗಳ ಸದ್ದನ್ನು ಚಿಪ್ಪಿನಲ್ಲಿ ನಕಲು ಮಾಡುವ ಡಿಜಿಟಲ್ ಡಬ್ಬಿ.

ಮೂವರಿಗೂ ನಾನು ತಿರುಗಿ ಕೇಳಿದ್ದೂ ಒಂದೇ. ಎಲ್ಲಿ ನುಡಿಸುತ್ತೀರಿ? ಅಲ್ಲಿ ಕರೆಂಟು ಹೇಗಿದೆ? ಸಾಮಾನನ್ನು ಹೇಗೆ ಒಯ್ಯುತ್ತೀರಿ? ಕೆಟ್ಟರೆ ಯಾರ ಹತ್ತಿರ ಹೋಗುತ್ತೀರಿ? ಒಂದು ರಾತ್ರಿಗೆ ಎಷ್ಟು ಬಗೆಯ ಸದ್ದು ಬೇಕು? ಯಾವುದರ ಸದ್ದು ಚೆಂದ ಎನ್ನುವ ಮಾತು ಇವೆಲ್ಲ ಆದ ಮೇಲೆ. ಎಸಿ ಸ್ಟುಡಿಯೋದಲ್ಲಿ ಕುಳಿತು ಮಾಡಿದ ಹೋಲಿಕೆಗಳಲ್ಲಿ ಈ ಪ್ರಶ್ನೆಗಳು ಬರುವುದೇ ಕಡಿಮೆ. ನಮ್ಮ ಕಡೆ ಇವೇ ಮೊದಲು ಬರಬೇಕು. ಮದುವೆ, ಜಾತ್ರೆ, ಗಣೇಶನ ಪೆಂಡಾಲ್, ಚರ್ಚು ಎಲ್ಲ ಕಡೆ ನುಡಿಸಿ ನನಗೆ ಗೊತ್ತಾದದ್ದು ಇದು. ಎರಡೂ ಬಗೆಯ ಸಾಮಾನು ನನ್ನ ಮನೆಯಲ್ಲಿವೆ. ಎರಡನ್ನೂ ನಾನು ಇಷ್ಟಪಡುತ್ತೇನೆ.

ಎರಡರ ಒಳಗೆ ಏನು ನಡೆಯುತ್ತದೆ

ಅಜ್ಜನ ಕಾಲದ ವಾಲ್ವ್ ರೇಡಿಯೊ ನೋಡಿದವರಿಗೆ ಟ್ಯೂಬ್ ಆಂಪ್ ಹೊಸದಲ್ಲ. ಟ್ಯೂಬ್ ಅಂದರೂ ವಾಲ್ವ್ ಅಂದರೂ ಒಂದೇ. ಗಾಜಿನ ಬುರುಡೆಯೊಳಗೆ ಹೀಟರ್ ಕೆಂಪಗೆ ಕಾಯುತ್ತದೆ. ಅದರ ಬಿಸಿಗೆ ಎಲೆಕ್ಟ್ರಾನ್‌ಗಳು ಹೊರಟು ಎದುರಿನ ಪ್ಲೇಟಿನ ಕಡೆ ಹರಿಯುತ್ತವೆ. ನಡುವೆ ಒಂದು ಸಣ್ಣ ಜಾಲರಿ ಇದೆ. ಗಿಟಾರಿನ ಸಿಗ್ನಲ್ ಆ ಜಾಲರಿಗೆ ಬಂದು ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹಾಗೆ ಸಣ್ಣ ಸಿಗ್ನಲ್ ದೊಡ್ಡದಾಗುತ್ತದೆ. ವಾಲ್ಯೂಮ್ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ವಾಲ್ವ್‌ಗೆ ಇನ್ನು ಆಗುವುದಿಲ್ಲ. ಆಗ ಅದು ಸಿಗ್ನಲ್ಲಿನ ತುದಿಯನ್ನು ಕತ್ತರಿಸಿ ಹಾಕುವುದಿಲ್ಲ, ಮೆಲ್ಲಗೆ ದುಂಡಗೆ ಮಾಡುತ್ತದೆ. ನಾವು ಪ್ರೀತಿಸುವ ಓವರ್‌ಡ್ರೈವ್ ಅಂದರೆ ಇದೇ. ಇದರ ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಪವರ್ ಸಪ್ಲೈ ಮೂರೂ ಒಂದಕ್ಕೊಂದು ತಗುಲಿಕೊಂಡು ಕೆಲಸ ಮಾಡುತ್ತವೆ. ಜೋರಾಗಿ ಮೀಟಿದಾಗ ಆಂಪ್ ಒಂದು ಕ್ಷಣ ಕುಗ್ಗಿ ಮೇಲೇಳುವಂತೆ ಬೆರಳಿಗೆ ತಿಳಿಯುತ್ತದೆ. 1962ರಲ್ಲಿ ಲಂಡನ್‌ನಲ್ಲಿ ಬಂದ ಮಾರ್ಷಲ್ ಜೆಟಿಎಂ45 ಆಗಲಿ, ಅದಕ್ಕೂ ಮುಂಚಿನ ಫೆಂಡರ್, ವಾಕ್ಸ್ ಆಂಪ್‌ಗಳಾಗಲಿ, ಎಲ್ಲವೂ ಹೀಗೆಯೇ.

ಮಾಡೆಲರ್ ಕೆಲಸ ಬೇರೆ. ಗಿಟಾರಿನ ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸುತ್ತದೆ. ನೀವು ಆರಿಸಿದ ಆಂಪ್ ನಿಜಕ್ಕೂ ಇದ್ದಿದ್ದರೆ ಈ ಅಂಕಿಗಳು ಏನಾಗುತ್ತಿದ್ದವು ಎಂದು ಚಿಪ್ಪಿನಲ್ಲಿ ಲೆಕ್ಕ ಹಾಕುತ್ತದೆ. ಮತ್ತೆ ಸದ್ದಾಗಿ ಹೊರಗೆ ಬಿಡುತ್ತದೆ. ನಮ್ಮ ಆರ್ಕೆಸ್ಟ್ರಾದವರು ಇದನ್ನು "ಪ್ರೊಸೆಸರ್" ಎಂದೇ ಕರೆಯುತ್ತಾರೆ. 1998ರಲ್ಲಿ ಲೈನ್ 6 ಕಂಪನಿಯ ಕೆಂಪು ಬಣ್ಣದ ಪಾಡ್ ಬಂದಾಗ ಇದು ಎಲ್ಲರ ಕೈಗೆ ಬಂತು. 2006ರಲ್ಲಿ ಫ್ರ್ಯಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್ ಎಂಬ ಮಾಡೆಲರ್ ಬಂತು. ಆಮೇಲೆ ಬಂದ ಕೆಂಪರ್, ಒಂದು ನಿಜವಾದ ಆಂಪಿಗೆ ಸಿಗ್ನಲ್ ಕಳಿಸಿ ಅದರ ಸ್ವಭಾವವನ್ನೇ ನಕಲು ಮಾಡಿಕೊಳ್ಳುವ ದಾರಿ ತೋರಿಸಿತು. ಈಗಿನ ಕ್ವಾಡ್ ಕಾರ್ಟೆಕ್ಸ್, ಟೋನೆಕ್ಸ್ ಮುಂತಾದವು ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ತಾನೇ ಕಲಿಯುವ ಕಂಪ್ಯೂಟರ್ ಲೆಕ್ಕ) ಬಳಸಿ ಅದೇ ಕೆಲಸ ಮಾಡುತ್ತವೆ. 20 ವರ್ಷದ ಹಿಂದಿನ ಪ್ರೊಸೆಸರ್ ಕೇಳಿ "ಡಿಜಿಟಲ್ ಅಂದ್ರೆ ಪ್ಲಾಸ್ಟಿಕ್ ಸದ್ದು" ಎಂದು ತೀರ್ಮಾನ ಮಾಡಿದವರು ಇನ್ನೊಮ್ಮೆ ಕೇಳಬೇಕು.

ಇಲ್ಲಿ ಒಂದು ವಿಷಯ ಅರ್ಥವಾದರೆ ಅರ್ಧ ಗೊಂದಲ ಹೋಗುತ್ತದೆ. ಟ್ಯೂಬ್ ಆಂಪ್ ಮುಂದೆ ನಿಂತಾಗ ಕೇಳುವುದು ಕೋಣೆಯಲ್ಲಿರುವ ಸ್ಪೀಕರಿನ ಸದ್ದು. ಅದು ಎದೆಗೆ, ಕಾಲಿಗೆ ಬಡಿಯುತ್ತದೆ. ಮಾಡೆಲರ್ ಕೊಡುವುದು ಆ ಸ್ಪೀಕರಿನ ಮುಂದೆ ಮೈಕ್ ಇಟ್ಟಾಗ ಮೈಕಿಗೆ ಕೇಳುವ ಸದ್ದು. ಎರಡೂ ಒಂದೇ ಅಲ್ಲ. ಮನೆಯಲ್ಲಿ ಹೋಲಿಸಿದವರು "ಏನೋ ಕಡಿಮೆ ಇದೆ" ಅನ್ನುವುದು ಇದಕ್ಕೇ. ಆದರೆ ಜಾತ್ರೆಯಲ್ಲಿ ಕೆಳಗೆ ಕುಳಿತವರ ಮಾತೇ ಬೇರೆ. ಅವರಿಗೆ ಎರಡೂ ದೊಡ್ಡ ಬಾಕ್ಸುಗಳಿಂದಲೇ ಕೇಳುತ್ತವೆ. ಟ್ಯೂಬ್ ಆಂಪಿನ ಸದ್ದೂ ಮೈಕಿನ ಮೂಲಕವೇ ಹೋಗಬೇಕು. ವೇದಿಕೆಯ ಮೇಲೆ ನನಗೆ ಸಿಗುವ ಖುಷಿ, ಕೆಳಗಿರುವವರಿಗೆ ತಲುಪುವ ಸದ್ದು ಬೇರೆ ಬೇರೆ. ಯಾವುದಕ್ಕೆ ದುಡ್ಡು ಹಾಕುತ್ತಿದ್ದೀರಿ ಎಂದು ನೀವೇ ಕೇಳಿಕೊಳ್ಳಿ.

ತಡ ಆಗುತ್ತದೆ ಎಂಬ ದೂರೂ ಇದೆ. ಲೆಕ್ಕ ಹಾಕಲು ಮಾಡೆಲರಿಗೆ ಕೆಲವು ಮಿಲಿಸೆಕೆಂಡ್ ಬೇಕು, ನಿಜ. ಆದರೆ ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಮಾತ್ರ ಹೋಗುತ್ತದೆ. 3 ಮಿಲಿಸೆಕೆಂಡ್ ತಡ ಅಂದರೆ ಆಂಪಿನಿಂದ ಒಂದು ಮೀಟರ್ ದೂರ ನಿಂತಷ್ಟೇ. ಇದು ಚಿಂತೆ ಮಾಡುವ ವಿಷಯ ಅಲ್ಲ.

ಕರೆಂಟಿನ ಕಥೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಕಡೆ ಆಂಪ್ ಕೊಲ್ಲುವುದು ಇದೇ.

ವಾಲ್ವ್‌ನ ಹೀಟರಿಗೆ 6.3 ವೋಲ್ಟ್ ಬೇಕು. ಇದು ಗೋಡೆಯ 230 ವೋಲ್ಟಿನಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಬರುತ್ತದೆ. ಬೇಸಿಗೆ ಸಂಜೆ ಊರೆಲ್ಲ ಕೂಲರ್ ಹಾಕಿದಾಗ ಲೈನು 190ಕ್ಕೆ ಇಳಿಯಿತು ಅಂದುಕೊಳ್ಳಿ. ಹೀಟರಿಗೆ 5.2 ವೋಲ್ಟ್ ಮಾತ್ರ ಸಿಗುತ್ತದೆ. ಸದ್ದು ಸತ್ತುಹೋದಂತಾಗುತ್ತದೆ. ರಾತ್ರಿ ಹೊಲದ ಕಡೆಯ ಜನರೇಟರ್ 260 ಕೊಟ್ಟಿತು ಅನ್ನಿ. ಆಗ ಹೀಟರಿಗೆ 7.1 ಬೀಳುತ್ತದೆ. ವಾಲ್ವ್‌ನ ಆಯಸ್ಸು ಕರಗುತ್ತದೆ. ಒಳಗಿನ ಪ್ಲೇಟಿಗೆ ಹೋಗುವ 300, 400 ವೋಲ್ಟೂ ಅದೇ ಲೆಕ್ಕದಲ್ಲಿ ಏರುತ್ತದೆ. ಆಂಪ್ ಒಳಗೆ ಇದನ್ನು ಸರಿಮಾಡುವ ಭಾಗ ಸಾಮಾನ್ಯವಾಗಿ ಇರುವುದೇ ಇಲ್ಲ.

ಪ್ರೊಸೆಸರಿನ ಅಡಾಪ್ಟರ್ ಹಾಗಲ್ಲ. ಈಗಿನ ಹೆಚ್ಚಿನ ಅಡಾಪ್ಟರ್‌ಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಲೈನು 190 ಆದರೂ 170 ಆದರೂ ಅದು ಒಳಗೆ ತನ್ನ 9 ವೋಲ್ಟ್ ಕೊಡುತ್ತಲೇ ಇರುತ್ತದೆ. ಕೆಲವು ಸಣ್ಣ ಪ್ರೊಸೆಸರ್‌ಗಳು, ಉದಾಹರಣೆಗೆ ಬಾಸ್ ಜಿಟಿ-1, ಝೂಮ್ ಜಿ1 ಫೋರ್, ನಾಲ್ಕು ಡಬಲ್-ಎ ಸೆಲ್ಲಿನಲ್ಲೇ ನಡೆಯುತ್ತವೆ. ಕರೆಂಟು ಹೋದರೂ ನಿಮ್ಮ ಗಿಟಾರ್ ನಿಲ್ಲುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಸಿರುಗುಪ್ಪದ ಆಚೆ ಒಂದು ಊರಿನ ಜಾತ್ರೆಗೆ 15 ವ್ಯಾಟಿನ ಟ್ಯೂಬ್ ಆಂಪ್ ಒಯ್ದಿದ್ದೆ. ಎಲ್ಲವೂ ಒಂದೇ ಜನರೇಟರಿನ ಮೇಲೆ. ಲೈಟಿನವರು ಪೂರ್ತಿ ಲೈಟು ಹಾಕಿದಾಗ ವೋಲ್ಟೇಜ್ ಬೀಳುತ್ತಿತ್ತು, ಆರಿಸಿದಾಗ ಜಿಗಿಯುತ್ತಿತ್ತು. ಮೂರನೇ ಹಾಡಿಗೆ ಆಂಪಿನ ಫ್ಯೂಸ್ ಹೋಯಿತು. ನನ್ನ ಹತ್ತಿರ ಬೇರೆ ಫ್ಯೂಸ್ ಇರಲಿಲ್ಲ. ಯಾರೋ ಹೇಳಿದರು ಎಂದು ತಂತಿ ಸುತ್ತಿ ಹಾಕಿದೆ. ಹತ್ತು ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂತು. ಫ್ಯೂಸ್ ತನ್ನ ಕೆಲಸ ಮಾಡಿತ್ತು, ನಾನು ಅದನ್ನು ಮಾಡಲು ಬಿಡಲಿಲ್ಲ. ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಂಡು ಬರಲು ಎರಡು ತಿಂಗಳು ಹಿಡಿಯಿತು. ಆ ಸೀಸನ್ ಪೂರ್ತಿ ಬೇರೆಯವರ ಪ್ರೊಸೆಸರ್ ಕೇಳಿ ಪಡೆದು ನುಡಿಸಿದೆ. ಟ್ಯೂಬ್ ಆಂಪ್ ತಗೊಳ್ಳುವವರು ಅದರ ಹಿಂದೆ ಬರೆದಿರುವ ಅಳತೆಯದ್ದೇ ನಾಲ್ಕು ಫ್ಯೂಸ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಒಂದು ಒಳ್ಳೆಯ ಸ್ಟೆಬಿಲೈಸರನ್ನೂ ಆಂಪಿನ ಬೆಲೆಯ ಭಾಗ ಎಂದೇ ಲೆಕ್ಕ ಹಾಕಿ.

ಮನೆಯ ಇನ್ವರ್ಟರ್ ಮೇಲೆ ಹಾಕಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಸೈನ್ ವೇವ್ ಇನ್ವರ್ಟರ್ ಆದರೆ ಸಣ್ಣ ಆಂಪಿಗೆ ನಡೆಯುತ್ತದೆ. ಸ್ಕ್ವೇರ್ ವೇವ್ ಆದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತದೆ, ಸ್ಪೀಕರಿನಲ್ಲೂ ಕೇಳುತ್ತದೆ, ಜಾಸ್ತಿ ಬಿಸಿಯೂ ಆಗುತ್ತದೆ. ಇನ್ನೊಂದು ಗಮನಿಸಿ. 15 ವ್ಯಾಟ್ ಸದ್ದು ಕೊಡುವ ಟ್ಯೂಬ್ ಆಂಪ್ ಗೋಡೆಯಿಂದ ಎಳೆಯುವುದು ಅದರ ಹಲವು ಪಟ್ಟು. ನೀವು ನುಡಿಸದೆ ಸುಮ್ನೆ ಕುಳಿತಾಗಲೂ ಹೀಟರ್ ಉರಿಯುತ್ತಲೇ ಇರುತ್ತದೆ.

ಪ್ರೊಸೆಸರಿಗೆ ವೈಫೈ ರೂಟರಿನ ಮಿನಿ ಯುಪಿಎಸ್ ಹಾಕುವ ಉಪಾಯ ಕೆಲವರು ಮಾಡುತ್ತಾರೆ. ಒಳ್ಳೆಯ ಉಪಾಯವೇ. ಆದರೆ ರೂಟರ್ ಪಿನ್ನಿಗೆ ನಡುವೆ ಪ್ಲಸ್ ಇರುತ್ತದೆ. ಹೆಚ್ಚಿನ ಗಿಟಾರ್ ಪೆಡಲ್‌ಗಳಿಗೆ ನಡುವೆ ಮೈನಸ್ ಬೇಕು. ವೋಲ್ಟೇಜನ್ನೂ ಈ ಗುರುತನ್ನೂ ನೋಡದೆ ಚುಚ್ಚಿದರೆ ಪ್ರೊಸೆಸರ್ ಅಲ್ಲಿಗೇ ಮುಗಿಯಿತು. ಅಡಾಪ್ಟರ್ ಮೇಲಿನ ಸಣ್ಣ ಚಿತ್ರವನ್ನು ಓದಿ, ತಿರುಗಿಸುವ ಕೇಬಲ್ ತಗೊಳ್ಳಿ.

ಅರ್ಥಿಂಗ್ ವಿಷಯದಲ್ಲಿ ಎರಡಕ್ಕೂ ವಿನಾಯಿತಿ ಇಲ್ಲ. ಪೆಂಡಾಲಿನಲ್ಲಿ ಹಾಡುತ್ತಾ ಗಿಟಾರ್ ನುಡಿಸುವವರಿಗೆ ತುಟಿಗೆ ಮೈಕ್ ತಗುಲಿದಾಗ ಚುರ್ ಎಂದಿರುತ್ತದೆ, ಅಲ್ವಾ? ಗಿಟಾರಿನ ತಂತಿ ಒಂದು ಅರ್ಥಿಗೆ, ಮೈಕು ಇನ್ನೊಂದು ಅರ್ಥಿಗೆ ಸೇರಿದಾಗ, ಅಥವಾ ಒಂದಕ್ಕೆ ಅರ್ಥೇ ಇಲ್ಲದಾಗ ಹೀಗಾಗುತ್ತದೆ. ಇದು ಜೀವ ತೆಗೆಯಬಲ್ಲದು. ಮಿಕ್ಸರ್ ಮತ್ತು ನಿಮ್ಮ ಸಾಮಾನಿಗೆ ಒಂದೇ ಕಡೆಯಿಂದ ಅರ್ಥ್ ಇರುವ ಲೈನ್ ಕೊಡಿಸಿಕೊಳ್ಳಿ. ಗುಂಯ್ ಸದ್ದು ಬರುತ್ತದೆ ಎಂದು ಆಂಪಿನ ಮೂರನೇ ಪಿನ್ ಯಾವತ್ತೂ ಕತ್ತರಿಸಬೇಡಿ. ಸಾಮಾನು ಹಚ್ಚುವ ಮೊದಲು ಟೆಸ್ಟರ್ ಹಚ್ಚಿ ನೋಡಿ.

ಅಮೆರಿಕದಲ್ಲಿರುವ ಮಾವನೋ ಅಣ್ಣನೋ ಆಂಪ್ ತಂದುಕೊಡುತ್ತೇನೆ ಅಂದರೆ ಮೊದಲು ಹಿಂದಿನ ಫಲಕದ ಫೋಟೋ ಕೇಳಿ. 120 ವೋಲ್ಟಿನದ್ದನ್ನು ನೇರ ನಮ್ಮ ಪ್ಲಗ್ಗಿಗೆ ಹಾಕುವಂತಿಲ್ಲ.

ಬಿಸಿಲು, ಧೂಳು, ಬಸ್ಸು

ನಮ್ಮ ಮೂರೂ ಜಿಲ್ಲೆಗಳಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ವಾಲ್ವ್ ತಾನೇ ಅದಕ್ಕಿಂತ ಎಷ್ಟೋ ಬಿಸಿ. ಹಾಗಾಗಿ ಅದಕ್ಕೆ ಬಿಸಿಲಿನ ಭಯ ಇಲ್ಲ. ಸುತ್ತಲಿನ ಕೆಪಾಸಿಟರ್‌ಗಳಿಗೆ ಇದೆ. ಆಂಪಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು 10 ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪ್ರೊಸೆಸರಿಗೂ ಬಿಸಿಲು ಒಳ್ಳೆಯದಲ್ಲ. ಮಧ್ಯಾಹ್ನದ ಸೌಂಡ್ ಚೆಕ್‌ನಲ್ಲಿ ಅದರ ಸ್ಕ್ರೀನ್ ಕಾಣುವುದೇ ಇಲ್ಲ, ಕಪ್ಪು ಡಬ್ಬಿ ಮುಟ್ಟಲಾಗದಷ್ಟು ಕಾಯುತ್ತದೆ. ಒಂದು ಒಣ ಬಿಳಿ ಟವೆಲ್ ಮೇಲೆ ಹೊದಿಸಿ ಇಡುವುದು ನನ್ನ ರೂಢಿ.

ಧೂಳಿನ ಬಗ್ಗೆ ಬಳ್ಳಾರಿ, ಸಂಡೂರಿನವರಿಗೆ ನಾನು ಹೇಳಬೇಕಿಲ್ಲ. ನಾಬ್ ತಿರುಗಿಸಿದರೆ ಕರಕರ ಎನ್ನುವುದು ಇದರಿಂದಲೇ. ಆಂಪಿಗೂ ಪ್ರೊಸೆಸರಿಗೂ ಹೊದಿಕೆ ಇರಲಿ.

ಹೊರುವ ಮಾತು ನಿರ್ಧಾರವನ್ನೇ ಬದಲಿಸುತ್ತದೆ. ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕೆಜಿ. ಅಕ್ಕಿ ಮೂಟೆಯಷ್ಟು ಭಾರ. ಅದೇ ಕಂಪನಿ 2019ರಲ್ಲಿ ಅದೇ ಆಂಪಿನ ಡಿಜಿಟಲ್ ರೂಪ ಟೋನ್ ಮಾಸ್ಟರ್ ತಂದಿತು. ನೋಡಲು ಹಾಗೆಯೇ, ತೂಕ ಸುಮಾರು 15 ಕೆಜಿ. ಸಣ್ಣ ಪ್ರೊಸೆಸರ್ ಎರಡು ಕೆಜಿಯೂ ಇಲ್ಲ. ಬಳ್ಳಾರಿಯಿಂದ ಕೊಪ್ಪಳಕ್ಕೆ ಕೆಂಪು ಬಸ್ಸಿನಲ್ಲಿ ಹೋಗುವವನಿಗೆ ಹೆಗಲಿನಲ್ಲಿ ಗಿಟಾರ್, ಬೆನ್ನಿನಲ್ಲಿ ಪ್ರೊಸೆಸರ್ ಸರಿ. ಟ್ಯೂಬ್ ಆಂಪನ್ನು ಡಿಕ್ಕಿಯಲ್ಲಿ ಹಾಕಿದರೆ ರಸ್ತೆಯ ಒಂದೊಂದು ಉಬ್ಬಿಗೂ ವಾಲ್ವ್ ಅಲುಗಾಡುತ್ತದೆ. ಸ್ವಂತ ಕಾರು ಅಥವಾ ತಂಡದ ಟೆಂಪೋ ಇದ್ದರೆ ಮಾತ್ರ ಟ್ಯೂಬ್ ಆಂಪನ್ನು ಊರೂರಿಗೆ ಒಯ್ಯುವ ಯೋಚನೆ ಮಾಡಿ.

ಕೆಟ್ಟರೆ?

ಇಲ್ಲಿ ಎರಡಕ್ಕೂ ಒಂದೊಂದು ಬಲ, ಒಂದೊಂದು ಕೊರತೆ ಇದೆ. ಟ್ಯೂಬ್ ಆಂಪ್ ರಿಪೇರಿ ಆಗುವ ಯಂತ್ರ. 60 ವರ್ಷದ ಹಿಂದಿನವು ಇವತ್ತಿಗೂ ನುಡಿಯುತ್ತಿವೆ. ವಾಲ್ವ್ ಬದಲಿಸಬಹುದು, ಕೆಪಾಸಿಟರ್ ಬದಲಿಸಬಹುದು, ಟ್ರಾನ್ಸ್‌ಫಾರ್ಮರ್ ಸುತ್ತಿಸಬಹುದು. ಆದರೆ ಮಾಡುವವರು ಯಾರು? ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರು ನಮ್ಮ ಊರುಗಳಲ್ಲಿ ಈಗ ಕೆಲವರೇ. ಅಂಥವರು ನಿಮ್ಮ ಊರಿನಲ್ಲಿದ್ದರೆ ಆಂಪ್ ತಗೊಳ್ಳುವ ಮೊದಲೇ ಹೋಗಿ ಮಾತಾಡಿ. ಇಲ್ಲದಿದ್ದರೆ ಬೆಂಗಳೂರಿಗೇ ಹೋಗಬೇಕು, ಬಳ್ಳಾರಿಯಿಂದಲೇ ಸುಮಾರು 300 ಕಿಲೋಮೀಟರ್. ನೀವೇ ಬಿಚ್ಚಿ ನೋಡುವ ಆಸೆ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ವಾಲ್ವ್‌ಗಳು ಸವೆಯುವ ಸಾಮಾನು. ಇಎಲ್34, 6ಎಲ್6 ಮಾದರಿಯ, ಸ್ಪೀಕರಿಗೆ ಬಲ ಕೊಡುವ ಪವರ್ ವಾಲ್ವ್‌ಗಳು ದಿನವೂ ಜೋರಾಗಿ ನುಡಿಸಿದರೆ ಒಂದೆರಡು ವರ್ಷಕ್ಕೆ ಬದಲಿಸಬೇಕಾಗಬಹುದು. ಗಿಟಾರಿನ ಸಿಗ್ನಲ್ ಮೊದಲು ಹೋಗುವ ಸಣ್ಣ 12ಎಎಕ್ಸ್7 ವಾಲ್ವ್‌ಗಳು ಅದಕ್ಕಿಂತ ತುಂಬಾ ಬಾಳುತ್ತವೆ. ಈಗ ಗಿಟಾರ್ ಆಂಪಿನ ವಾಲ್ವ್‌ಗಳ ದೊಡ್ಡ ಪಾಲು ಬರುವುದು ಮೂರೇ ದೇಶಗಳಿಂದ: ಸ್ಲೊವಾಕಿಯಾ, ರಷ್ಯಾ, ಚೀನಾ. 2022ರಲ್ಲಿ ರಷ್ಯಾ ರಫ್ತು ನಿಲ್ಲಿಸಿದಾಗ ಜಗತ್ತಿನಲ್ಲೆಲ್ಲ ಬೆಲೆ ಏರಿತ್ತು. ಒಂದು ಜೋಡಿ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಜಾಣತನ. ಸ್ಪೀಕರ್ ಕೇಬಲ್ ಹಚ್ಚದೆ ಟ್ಯೂಬ್ ಆಂಪನ್ನು ಎಂದೂ ಆನ್ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಪ್ರೊಸೆಸರ್ ಕೆಡುವುದು ಕಡಿಮೆ. ಕೆಟ್ಟರೆ ಮಾತ್ರ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಫುಟ್‌ಸ್ವಿಚ್, ಸಾಕೆಟ್ ಬಿಟ್ಟು ಬೇರೇನೂ ಮಾಡಲಾಗುವುದಿಲ್ಲ. ಒಳಗಿನ ಬೋರ್ಡೇ ಹೋದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಬೇಕು. ಹೊಸ ಮಾಡೆಲ್ ಬಂದ ಕೂಡಲೇ ಹಳೆಯದರ ಬೆಲೆ ಬೀಳುತ್ತದೆ. ಒಳ್ಳೆಯ ಟ್ಯೂಬ್ ಆಂಪಿನ ಬೆಲೆ ಹಾಗೆ ಬೀಳುವುದಿಲ್ಲ. ಇದನ್ನೇ ತಿರುಗಿಸಿ ನೋಡಿದರೆ, ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತಗೊಳ್ಳುವವರಿಗೆ ಲಾಭ. ಎರಡು ವರ್ಷ ಹಳೆಯದು ಒಳ್ಳೆಯ ಬೆಲೆಗೆ ಸಿಗುತ್ತದೆ.

ಹಾಗಾದರೆ ಯಾವುದು ಯಾರಿಗೆ

ಮೊದಲು ದೊಡ್ಡ ಟ್ಯೂಬ್ ಆಂಪ್, 50 ವ್ಯಾಟ್ ಮತ್ತು ಮೇಲಿನವು. ಇದನ್ನು ನಮ್ಮ ಕಡೆ ಯಾರಿಗೂ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅದರ ನಿಜವಾದ ಸದ್ದು ಜೋರಾಗಿ ಇಟ್ಟಾಗ ಮಾತ್ರ ಬರುತ್ತದೆ. ಅಷ್ಟು ಜೋರಾಗಿ ಇಡುವ ಜಾಗ ನಮಗೆ ಸಿಗುವುದಿಲ್ಲ. ವ್ಯಾಟಿನ ಲೆಕ್ಕದಲ್ಲೂ ತುಂಬಾ ಜನ ತಪ್ಪುತ್ತಾರೆ. 15 ವ್ಯಾಟಿನಿಂದ 30ಕ್ಕೆ ಹೋದರೆ ಸದ್ದು ಎರಡು ಪಟ್ಟು ಆಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಅನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 5 ವ್ಯಾಟಿನ ಟ್ಯೂಬ್ ಆಂಪೇ ಮನೆಯೊಳಗೆ ಪಕ್ಕದವರು ಬಾಗಿಲು ತಟ್ಟುವಷ್ಟು ಜೋರು.

ಸಣ್ಣ ಟ್ಯೂಬ್ ಆಂಪ್ ಬೇರೆ ಮಾತು. ಸ್ವಂತ ಮನೆ, ನೆಟ್ಟಗಿನ ಕರೆಂಟು, ಒಂದು ಸ್ಟೆಬಿಲೈಸರ್, ದಿನಕ್ಕೆ ಒಂದು ಗಂಟೆ ಗಿಟಾರ್ ಜೊತೆ ಕುಳಿತುಕೊಳ್ಳುವ ಅಭ್ಯಾಸ ಇವಿಷ್ಟು ಇದ್ದರೆ ಇದರಷ್ಟು ಕಲಿಸುವ ಸಾಮಾನು ಇನ್ನೊಂದಿಲ್ಲ. ಬೆರಳು ಮೆಲ್ಲಗಿಟ್ಟರೆ ಸ್ವಚ್ಛ ಸದ್ದು, ಒತ್ತಿದರೆ ಒರಟು ಸದ್ದು. ಗಿಟಾರಿನ ವಾಲ್ಯೂಮ್ ನಾಬ್ ಯಾಕೆ ಇದೆ ಎಂದು ನನಗೆ ಅರ್ಥವಾದದ್ದೇ ಇದರ ಮುಂದೆ ಕುಳಿತಾಗ. ಈಗಿನ ಒಳ್ಳೆಯ ಮಾಡೆಲರ್‌ಗಳೂ ಇದನ್ನು ಚೆನ್ನಾಗಿ ಮಾಡುತ್ತವೆ. ಆದರೆ ಅಲ್ಲಿ ನೂರು ಆಂಪ್ ಇರುತ್ತವೆ. ಮನಸ್ಸು ಒಂದರ ಮೇಲೆ ನಿಲ್ಲುವುದಿಲ್ಲ. ಮೂರು ನಾಬಿನ ಆಂಪ್ ಮುಂದೆ ಕುಳಿತರೆ ಕೈ ಮಾತ್ರ ಕೆಲಸ ಮಾಡಬೇಕು.

ಪ್ರೊಸೆಸರ್ ವೇದಿಕೆಯವರಿಗೆ. ಬಳ್ಳಾರಿಯ ಒಂದು ಮದುವೆ ಕಾರ್ಯಕ್ರಮದಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಹಾಡು ಬರುತ್ತವೆ. ರಾಯಚೂರಿಗೆ ಹೋದರೆ ನಡುವೆ ಒಂದು ಕವ್ವಾಲಿಯೂ ಇರುತ್ತದೆ. ಒಂದಕ್ಕೆ ಕೋರಸ್ ಹಾಕಿದ ತಿಳಿ ಸದ್ದು, ಇನ್ನೊಂದಕ್ಕೆ ವಾಹ್, ಮತ್ತೊಂದಕ್ಕೆ ಡಿಸ್ಟಾರ್ಷನ್ ಸೋಲೋ. ಒಂದು ಕಾಲು ಒತ್ತಿನಲ್ಲಿ ಬದಲಾಗಬೇಕು. ಇಲ್ಲಿ ಟ್ಯೂಬ್ ಆಂಪಿಗೆ ಪೈಪೋಟಿ ಮಾಡಲು ಆಗುವುದೇ ಇಲ್ಲ. ಇನ್ನೊಂದು ಕಾರಣ ಸೌಂಡ್‌ನವರು. ಆಂಪಿನ ಮುಂದೆ ಮೈಕನ್ನು ಎಲ್ಲಿ ಇಡಬೇಕು ಎಂದು ನೋಡುವಷ್ಟು ಪುರಸೊತ್ತು ಜಾತ್ರೆಯಲ್ಲಿ ಯಾರಿಗೂ ಇರುವುದಿಲ್ಲ. ಒಂದು ಲೈನ್ ಕೊಟ್ಟರೆ ಅವರಿಗೂ ಸಮಾಧಾನ. ನಿಮ್ಮದೇ ಒಂದು ಡಿಐ ಬಾಕ್ಸ್ (ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದುವಂತೆ ಮಾಡಿ ಕಳಿಸುವ ಸಣ್ಣ ಡಬ್ಬಿ), ಎರಡು ಕೇಬಲ್ ಬ್ಯಾಗಿನಲ್ಲಿ ಇರಲಿ.

ಪ್ರೊಸೆಸರ್ ತಗೊಂಡ ಹೊಸಬರು ಎರಡು ತಪ್ಪು ಮಾಡುತ್ತಾರೆ. ಒಂದು, ಕ್ಯಾಬಿನೆಟ್ ಸಿಮ್ಯುಲೇಶನ್, ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ನಕಲು ಮಾಡುವ ಭಾಗ. ಗಿಟಾರ್ ಸ್ಪೀಕರ್ ಸುಮಾರು 5 ಸಾವಿರ ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಮಿಕ್ಸರಿನ ಬಾಕ್ಸ್ ನುಂಗುವುದಿಲ್ಲ. ಹಾಗಾಗಿ ಮಿಕ್ಸರಿಗೆ ಕೊಡುವಾಗ ಕ್ಯಾಬಿನೆಟ್ ಆನ್ ಇರಬೇಕು, ಇಲ್ಲದಿದ್ದರೆ ಡಿಸ್ಟಾರ್ಷನ್ ಜೇನುನೊಣ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಗಿಟಾರ್ ಆಂಪಿಗೆ ಕೊಡುವಾಗ ಆಫ್ ಇರಬೇಕು, ಇಲ್ಲದಿದ್ದರೆ ಕಂಬಳಿ ಹೊದ್ದು ಮಾತಾಡಿದಂತೆ ಇರುತ್ತದೆ. ಎರಡು, ಮನೆಯಲ್ಲಿ ಮೆಲ್ಲಗೆ ಕೇಳಿ ಸದ್ದು ಹೊಂದಿಸುವುದು. ಮೆಲ್ಲಗೆ ಕೇಳುವಾಗ ಕಿವಿಗೆ ಬೇಸ್, ಟ್ರೆಬಲ್ ಎರಡೂ ಕಡಿಮೆ ಕೇಳುತ್ತವೆ. ನಾವು ಎರಡನ್ನೂ ಏರಿಸುತ್ತೇವೆ. ವೇದಿಕೆಯಲ್ಲಿ ಅದೇ ಸದ್ದು ಗುದ್ದುತ್ತದೆ, ಚುಚ್ಚುತ್ತದೆ, ಹಾಡಿನ ನಡುವೆ ಕಳೆದೂ ಹೋಗುತ್ತದೆ. ಒಮ್ಮೆಯಾದರೂ ಜೋರಾದ ಬಾಕ್ಸಿನಲ್ಲಿ ಕೇಳಿ ಹೊಂದಿಸಿ. ಮಿಡ್, ಅಂದರೆ ಬೇಸ್-ಟ್ರೆಬಲ್ ನಡುವಿನ ಸದ್ದು, ಏರಿಸಲು ಹೆದರಬೇಡಿ.

ನಡುವಿನ ದಾರಿಯೂ ಇದೆ. ಸ್ಪೀಕರ್ ಇರುವ ಮಾಡೆಲಿಂಗ್ ಆಂಪ್. ಬಾಸ್ ಕಟಾನಾ 50 ಅಂಥದ್ದು. ವಾಲ್ವ್ ಇಲ್ಲ, ತೂಕ ಸುಮಾರು 12 ಕೆಜಿ. ಪವರನ್ನು 50ರಿಂದ 25ಕ್ಕೆ, ಅರ್ಧ ವ್ಯಾಟಿಗೂ ಇಳಿಸಬಹುದು. ಹೆಡ್‌ಫೋನ್ ಹಾಕಬಹುದು. ಒಂದೇ ಜಾಗದಲ್ಲಿ ಇಟ್ಟು ನುಡಿಸುವವರಿಗೆ ಇದು ತುಂಬಾ ಸರಿ.

ಇನ್ನು ಲ್ಯಾಪ್‌ಟಾಪ್ ಇರುವವರಿಗೆ. ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್ ತಗೊಂಡರೆ ನ್ಯೂರಲ್ ಆಂಪ್ ಮಾಡೆಲರ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಜಗತ್ತಿನ ದೊಡ್ಡ ದೊಡ್ಡ ಆಂಪ್‌ಗಳ ನಕಲುಗಳನ್ನು ಜನ ಅದಕ್ಕಾಗಿ ಹಂಚಿಕೊಂಡಿದ್ದಾರೆ. ಕಲಿಯಲು, ರೆಕಾರ್ಡ್ ಮಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ವೇದಿಕೆಗೆ ಬೇಡ.

ಮೂವರಿಗೆ ಹೇಳಿದ್ದು

ಗಂಗಾವತಿಯ ಹುಡುಗನಿಗೆ ಹೆಚ್ಚು ಯೋಚಿಸಲಿಲ್ಲ. ಹಾಸ್ಟೆಲ್ ಅಂದರೆ ಹೆಡ್‌ಫೋನ್. 15 ಸಾವಿರದೊಳಗೆ ಝೂಮ್, ನಕ್ಸ್, ವ್ಯಾಲೆಟಾನ್, ಮೂರ್ ಕಂಪನಿಗಳ ಸಣ್ಣ ಪ್ರೊಸೆಸರ್‌ಗಳನ್ನು ನೋಡು, ಬೆಲೆ ಆಗಾಗ ಬದಲಾಗುತ್ತದೆ, ಸೆಕೆಂಡ್ ಹ್ಯಾಂಡೂ ನೋಡು ಅಂದೆ. ಪೂರ್ತಿ ಹಣ ಅದಕ್ಕೇ ಹಾಕಬೇಡ, ಒಂದು ಒಳ್ಳೆಯ ಹೆಡ್‌ಫೋನ್‌ಗೆ ಉಳಿಸು ಅಂತಲೂ ಹೇಳಿದೆ. ಕೆಟ್ಟ ಹೆಡ್‌ಫೋನಿನಲ್ಲಿ ಎಷ್ಟು ಒಳ್ಳೆಯ ಮಾಡೆಲರ್ ಆದರೂ ಕೆಟ್ಟದಾಗಿಯೇ ಕೇಳುತ್ತದೆ.

ರಾಯಚೂರಿನ ತಂಗಿಯ ಚರ್ಚಿನಲ್ಲಿ ಮಿಕ್ಸರ್ ಇದೆ, ಸೌಂಡ್ ನೋಡಿಕೊಳ್ಳುವ ಒಬ್ಬರಿದ್ದಾರೆ. ಒಂದು ವಾರ ಅಕೌಸ್ಟಿಕ್, ಒಂದು ವಾರ ಎಲೆಕ್ಟ್ರಿಕ್ ನುಡಿಸುತ್ತಾಳೆ. ಮುಂದಿನ ಸಾಲಿನಲ್ಲಿ ವಯಸ್ಸಾದವರು ಕುಳಿತಿರುತ್ತಾರೆ, ವೇದಿಕೆಯ ಮೇಲೆ ಜೋರು ಬೇಡ. ಅವಳಿಗೆ ಮಧ್ಯಮ ಬೆಲೆಯ ಪ್ರೊಸೆಸರ್, ಡಿಐ ಬಾಕ್ಸ್, ತನ್ನ ಸದ್ದು ತಾನೇ ಕೇಳಿಕೊಳ್ಳಲು ಕಿವಿಯೊಳಗೆ ಹಾಕುವ ಇಯರ್ ಮಾನಿಟರ್ ಅಂದೆ. ಮಿಕ್ಸರ್ ಇಲ್ಲದ ಚರ್ಚ್ ಆಗಿದ್ದರೆ ಕಟಾನಾದಂಥ ಆಂಪ್ ಹೇಳುತ್ತಿದ್ದೆ. ಸಾಮಾನು ಚರ್ಚಿನದ್ದು. ನಾಳೆ ಇನ್ನೊಬ್ಬರು ನುಡಿಸಬಹುದು. ಹಾಗಾಗಿ ಮೆನು ಸರಳ ಇರುವುದನ್ನೇ ಆರಿಸಲು ಹೇಳಿದೆ.

ಬಳ್ಳಾರಿಯ ಗೆಳೆಯನ ವಿಷಯ ಕಷ್ಟ. ತಿಂಗಳಿಗೆ ಆರೇಳು ಕಾರ್ಯಕ್ರಮ, ಎಲ್ಲವೂ ಹೊರಗೆ. ಬುದ್ಧಿ ಪ್ರೊಸೆಸರ್ ಅನ್ನುತ್ತದೆ. ಅವನ ಮನಸ್ಸು ಮಾತ್ರ ಹುಡುಗನಾಗಿದ್ದಾಗಿನಿಂದ ಟ್ಯೂಬ್ ಆಂಪಿನ ಮೇಲೆಯೇ ಇದೆ. ಆ ಆಸೆ ಸುಮ್ನೆ ಎಂದು ನಾನು ಹೇಳುವುದಿಲ್ಲ. ಒಂದು ಲಕ್ಷವನ್ನು ಒಂದೇ ದೊಡ್ಡ ಮಾಡೆಲರಿಗೆ ಹಾಕಬೇಡ ಅಂದೆ. ದುಡಿಯಲು ಸೆಕೆಂಡ್ ಹ್ಯಾಂಡ್ ಪ್ರೊಸೆಸರ್, ಮನೆಗೆ 5 ವ್ಯಾಟಿನ ಟ್ಯೂಬ್ ಆಂಪ್, ಅದಕ್ಕೊಂದು ಸ್ಟೆಬಿಲೈಸರ್. ಅವನಿಗೆ ಇನ್ನೂ ಒಪ್ಪಿಗೆ ಇಲ್ಲ. ಈ ಭಾನುವಾರ ಅವನದೇ ಗಿಟಾರ್ ತಗೊಂಡು ಮನೆಗೆ ಬರುತ್ತಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಮೊದಲು ಟ್ಯೂಬ್ ಆಂಪಿನ ಮುಂದೆ ಒಂದು ಗಂಟೆ ಕೂರಿಸುತ್ತೇನೆ. ಆಮೇಲೆ ಅದನ್ನು ಎತ್ತಿಕೊಂಡು ಮಹಡಿಯಿಂದ ಕೆಳಗೆ ರಸ್ತೆವರೆಗೆ ಹೋಗಿ ಬಾ ಅನ್ನುತ್ತೇನೆ.